ತೆಪ್ಪದಿಂದ ಕಂಡ ಹೊಲ

ನನ್ನ ಹೆಂಡತಿ ಆ ಚಮಚದ ವಿಚಾರ ಇವತ್ತಿಗೂ ಬಿಟ್ಟಿಲ್ಲ. ಮದುವೆಗೆ ಅವಳ ತವರಿನವರು ಕೊಟ್ಟ ದೊಡ್ಡ ಸ್ಟೀಲ್ ಚಮಚಗಳಲ್ಲಿ ಒಂದು ಕಡಿಮೆ ಇದೆ, ಅದೇನಾಯಿತು ಎಂದು ನೆಂಟರಿಷ್ಟರು ಬಂದಾಗ ಎಲ್ಲರೆದುರೇ ಕೇಳುತ್ತಾಳೆ. ಕೆರೆಯಲ್ಲಿದೆ ಕಣೇ ಎಂದರೆ ನಗುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಅದು ನಿಜವಾಗಿಯೂ ಕೆರೆಯಲ್ಲೇ ಇದೆ, ಜವಳಗಿರಿ ಕಾಡಿನ ಅಂಚಿಗಿರುವ ಒಂದು ಕೆರೆಯಲ್ಲಿ. ಅದು ಅಲ್ಲಿಗೆ ಹೋದ ಸಂಜೆಯ ಬಗ್ಗೆ ನಾನು ಮನೆಯಲ್ಲಿ ಪೂರ್ತಿಯಾಗಿ ಹೇಳಿಲ್ಲ.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹುಟ್ಟಿದ್ದು ರಾಯಕೋಟೆ ಕಡೆ, ಈಗ ಹೊಸೂರಿನಲ್ಲೇ ಮನೆ. ನಮ್ಮ ಕಂಪನಿ ಬಸ್ಸಿನ ಡ್ರೈವರ್ ನನ್ನ ಜೊತೆಗಾರ. ಮೂರು ಭಾಷೆ ಕಲೆಸಿ ಮಾತಾಡುವ ಮನುಷ್ಯ, ಬಾಯಿಗೆ ಬೀಗವಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಅವನು ಫೋನಿನಲ್ಲಿ ಒಂದು ವೀಡಿಯೋ ತೋರಿಸಿದ. ಯಾವುದೋ ಚಳಿ ದೇಶದ ಕೆರೆ. ದಪ್ಪ ಜಾಕೀಟು ತೊಟ್ಟ ಗೆಳೆಯರು ದೋಣಿಯನ್ನು ನಿಧಾನಕ್ಕೆ ಬಿಟ್ಟುಕೊಂಡು ಕೂತಿದ್ದಾರೆ. ದೋಣಿಯ ಹಿಂದೆ ನೀರಿನಲ್ಲಿ ಗಾಳ ಎಳೆಸಿಕೊಂಡು ಬರುತ್ತಿದೆ. ಸಾಲ್ಮನ್ ಎನ್ನುವ ಮೀನು ತಾನಾಗಿಯೇ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಅವರು ಕೂತಲ್ಲೇ ಕಾಫಿ ಕುಡಿಯುತ್ತಾರೆ.

"ನೋಡ್ಲಾ ಫಿಟ್ಟರೂ, ಮೀನ್ ಹಿಡ್ಯೋದು ಅಂದ್ರೆ ಹಿಂಗಿರ್ಬೇಕು. ನಾವು ಎರೆಹುಳ ಸಿಗ್ಸಿ ದಡದಾಗೆ ಮೂಲವ್ಯಾಧಿ ಬರೋಗಂಟ ಕುಂತಿರ್ತೀವಿ" ಎಂದ.

"ನಮ್ ಕೆರೇಲಿ ಸಾಲ್ಮನ್ ಎಲ್ಲೈತ್ಲಾ, ನಿಮ್ ತಾತ ತಂದು ಬುಟ್ಟವ್ನಾ?" ಎಂದೆ.

"ಕೊರಮೀನು ಐತಲ್ಲ ಮಚ್ಚಾ. ಅದೇ ನಮ್ ಸಾಲ್ಮನ್ನು."

ಕೊರಮೀನೆಂದರೆ ತಮಿಳರು ವಿರಾಲು ಅನ್ನುವುದು. ಹಾವಿನ ತಲೆ, ಕಪ್ಪು ಮೈ, ಮುಳ್ಳು ಕಡಿಮೆ, ಸಾರಿಗೆ ಅದರಷ್ಟು ರುಚಿ ಬೇರೆ ಮೀನಿಲ್ಲ. ಅದೂ ಬೇಟೆಯಾಡುವ ಮೀನೇ, ನೀರಿನಲ್ಲಿ ಏನಾದರೂ ಮಿನುಗುತ್ತ ಓಡಿದರೆ ಬಿಡುವುದಿಲ್ಲ. ನನಗೆ ಹುಚ್ಚು ಹಿಡಿಯಿತು. ಮನೆಯಿಂದ ಚಮಚ ತಂದು, ಹಿಡಿ ಕತ್ತರಿಸಿ, ಎರಡೂ ತುದಿಗೆ ತೂತು ಕೊರೆದು, ಕನ್ನಡಿಯ ಹಾಗೆ ಹೊಳೆಯುವವರೆಗೂ ಉಜ್ಜಿದೆ. ಒಂದು ತುದಿಗೆ ಗಾಳದ ಕೊಕ್ಕೆ, ಇನ್ನೊಂದು ತುದಿಗೆ ದಾರ. ತೊಟ್ಟಿಯಲ್ಲಿ ಎಳೆದು ನೋಡಿದರೆ ಥೇಟ್ ಮರಿಮೀನು ಒದ್ದಾಡಿಕೊಂಡು ಹೋದ ಹಾಗೆ ಇತ್ತು. ಅಷ್ಟು ಚೆನ್ನಾದ ಕೆಲಸವನ್ನು ನಾನು ಕಂಪನಿಗೂ ಮಾಡಿಕೊಟ್ಟಿರಲಿಲ್ಲ.

ನಮ್ಮಲ್ಲಿ ಮೂರನೆಯವನು ನನ್ನ ಬೆಂಚಿನ ಪಕ್ಕದ ಬೆಂಚಿನವನು. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಹೊಲದವನು ಎನ್ನುತ್ತಾರೆ, ಏಕೆಂದರೆ ಯಾವ ಮಾತು ಶುರು ಮಾಡಿದರೂ ಅದನ್ನು ತನ್ನ ಹೊಲಕ್ಕೆ ತಂದು ನಿಲ್ಲಿಸುತ್ತಾನೆ. ಡ್ರೈವರ್‌ನ ಅಕ್ಕನನ್ನೇ ಮದುವೆಯಾಗಿರುವುದು. ಊರು ಗುಮ್ಮಳಾಪುರ ದಾಟಿ ಕಾಡಿನ ಕಡೆಗೆ. ಊರಿನ ಮುಂದೆ ಕೆರೆ ಏರಿ, ಆಚೆ ದಡದಲ್ಲಿ ಅವನ ಹೊಲ, ಹೊಲದ ಬೆನ್ನಿಗೆ ಕಾಡು. ಆ ಕಡೆಯ ಹೊಲಗಳವರೆಲ್ಲ ಆನೆ ಕಾಟಕ್ಕೆ ಬೇಸತ್ತು ಗುಲಾಬಿಗೋ ನೀಲಗಿರಿಗೋ ತಿರುಗಿ ವರ್ಷಗಳಾದವು. ಇವನೊಬ್ಬ ರಾಗಿ ಹಾಕುತ್ತಾನೆ. ಅದೂ ಎಂಥ ರಾಗಿ ಅಂತೀರಿ, ಅವನ ಅಮ್ಮನ ರಾಗಿ.

ಆ ಅಮ್ಮ ತನ್ನ ತಾಯಿಯ ಮನೆಯಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದ ಬೀಜ ಅದು. ತೆನೆ ಮುಷ್ಟಿ ಕಟ್ಟಿದ ಹಾಗೆ ಒಳಕ್ಕೆ ಬಾಗಿರುತ್ತಿತ್ತು, ಕಾಳು ಕಡುಕಂದು, ಮುದ್ದೆ ಸ್ವಲ್ಪ ಸಿಹಿ. ಪ್ರತಿ ವರ್ಷ ಕುಯ್ಲಿನ ಬೆಳಿಗ್ಗೆ ಬೇರೆ ಯಾರೂ ಹೊಲಕ್ಕೆ ಇಳಿಯುವ ಮುಂಚೆ ಆಕೆ ಒಬ್ಬಳೇ ಇಳಿದು ಬೀಜಕ್ಕೆಂದು ಒಳ್ಳೆಯ ತೆನೆ ಆರಿಸಿ, ಕಂತೆ ಕಟ್ಟಿ, ಒಲೆಯ ಮೇಲೆ ಹೊಗೆ ತಾಗುವ ಹಾಗೆ ನೇತುಹಾಕುತ್ತಿದ್ದಳು. ಊರಿನಲ್ಲಿ ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿರಲಿಲ್ಲ, ಎಲ್ಲರದೂ ಅಂಗಡಿಯ ಬೀಜ. ಆ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಒಲೆಯ ಮೇಲಿದ್ದ ಕಂತೆಯನ್ನು ಮಗ ಬಿಚ್ಚಿ, ಮಳೆ ಬಿದ್ದ ಮೇಲೆ ಒಂದು ಕಾಳೂ ಉಳಿಸದೆ ಬಿತ್ತಿದ.

ಆಕೆಯ ಕೈಯ ಊಟ ನಾನು ಎಷ್ಟೋ ಸಲ ಉಂಡಿದ್ದೇನೆ. ಒಂದು ಸಲ ನಮ್ಮ ಜೊತೆ ಉತ್ತರದ ಕಡೆಯಿಂದ ಬಂದಿದ್ದ ಸೂಪರ್‌ವೈಸರ್ ಒಬ್ಬ ಬಂದಿದ್ದ. ಪಾಪ, ಮುದ್ದೆಯನ್ನು ಚಪಾತಿಯ ಹಾಗೆ ಅಗಿಯತೊಡಗಿದ. ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ಬಿಡಲಾರದೆ ಕೂತ. ಆಯಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ನುಂಗಪ್ಪಾ ನುಂಗು! ಅಗಿಯಕ್ಕೆ ಅದೇನು ಕಳ್ಳೆಕಾಯಾ?" ಅದಾದ ಮೇಲೆ ನಾನು ಯಾವಾಗ ಹೋದರೂ, ನಿಮ್ಮ ಮುದ್ದೆ ಅಗಿಯೋ ಸಾಹೇಬ ಹೆಂಗವ್ನೆ ಎಂದೇ ವಿಚಾರಿಸುತ್ತಿದ್ದಳು.

ಕುಯ್ಲಿನ ಹಿಂದಿನ ದಿನಕ್ಕೆ ಆ ಮನೆಯಲ್ಲಿ ಕೆಲವು ಕಟ್ಟಳೆಗಳಿದ್ದವು. ಹೊಸ ರಾಗಿ ಬರುವ ಮನೆಯಲ್ಲಿ ಹಳೇ ರಾಗಿ ಇರಬಾರದೆಂದು ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಬೀಸಿಸಿ, ಡ್ರಮ್ಮು ತೊಳೆದು ಬೋರಲು ಹಾಕುವುದು. ಸಂಜೆ ಹೊಲದ ಮೂಲೆಗೆ ದೀಪ ಇಡುವುದು. ರಾತ್ರಿ ಆ ಕೊನೆಯ ಹಿಟ್ಟಿನ ಮುದ್ದೆಗೆ ಕೆರೆ ಮೀನಿನ ಸಾರು. ಅಮ್ಮ ಇಲ್ಲದ ಮೊದಲ ಕುಯ್ಲು, ಎಲ್ಲವೂ ಅಮ್ಮ ಮಾಡುತ್ತಿದ್ದ ಹಾಗೇ ಆಗಬೇಕೆಂದು ಹೊಲದವನು ಹಟ ಹಿಡಿದ. ಮೀನಿನ ಜವಾಬ್ದಾರಿ ನಾವಿಬ್ಬರು ವಹಿಸಿಕೊಂಡೆವು. ಸಾಲ್ಮನ್ ಗಾಳ ಇದೆಯಲ್ಲ!

ಹೀಗೆ ಒಂದು ಭಾನುವಾರ ಮಧ್ಯಾಹ್ನ ನಾನು ಮತ್ತು ಡ್ರೈವರ್ ಬೈಕಿನಲ್ಲಿ ಹೋಗಿ ಇಳಿದೆವು. ಹೊಲದವನ ಹೆಂಡತಿ ಬಾಗಿಲಲ್ಲೇ ಕೂತು ರಾಗಿ ಕೇರುತ್ತಿದ್ದಳು. ಮೊರದಲ್ಲಿದ್ದದ್ದೇ ಹಳೇ ರಾಗಿಯ ಕೊನೆ.

"ಬಾರಣ್ಣ. ಕರೆಂಟಿಲ್ಲ ಬೆಳಗಿಂದ, ಮಿಲ್ಲು ತೆಗ್ದಿಲ್ಲ. ಬೀಸ್ಸೋದು ಹೆಂಗೋ ಏನೋ" ಎಂದು ನನ್ನ ಹತ್ತಿರ ಹೇಳಿಕೊಂಡಳು. ತಮ್ಮನ ಕಡೆ ತಿರುಗಿ, "ಮೀನ್ ತರ್ದೆ ಬಂದ್ರೆ ಇಬ್ರಿಗೂ ಬರೀ ಮುದ್ದೆ, ಉಪ್ಪು" ಎಂದಳು.

ಹೊಲಕ್ಕೆ ಹೋದೆವು. ಬಿಸಿಲಿಗೆ ಆ ರಾಗಿ ನಿಂತಿದ್ದ ಚೆಂದವನ್ನು ನೋಡಬೇಕಿತ್ತು. ಹೊಲದವನು ಒಂದು ತೆನೆ ಹಿಡಿದು ಅಂಗೈಯಲ್ಲಿ ಉಜ್ಜಿ, ಊದಿ, ಕಾಳನ್ನು ನಮ್ಮಿಬ್ಬರ ಬಾಯಿಗೂ ಹಾಕಿದ. ತಾನು ಹಾಕಿಕೊಳ್ಳಲಿಲ್ಲ, ಬೀಜದ ತೆನೆ ಆರಿಸಿದ ಮೇಲೇ ತಾನು ತಿನ್ನುವುದಂತೆ. ಹೊಲದ ಸುತ್ತ ಹಗ್ಗ ಬಿಗಿದು ಅದಕ್ಕೆ ಖಾಲಿ ಡಬ್ಬ, ಬಾಟಲಿ ಕಟ್ಟಿದ್ದ. ಏನಾದರೂ ತಗುಲಿದರೆ ಊರಿನವರೆಗೂ ಗಲಗಲ ಕೇಳುತ್ತದೆ. ನಾಳೆ ಕುಯ್ಯುವವರು ಬೆಳಕು ಹರಿಯುವ ಮುಂಚೆ ಬರುತ್ತಾರೆ, ಕಾಲಿಗೆ ಸಿಕ್ಕುತ್ತದೆ, ಈಗಲೇ ಸುತ್ತಿಟ್ಟುಬಿಡೋಣ ಎಂದ. ಮೂವರೂ ಸೇರಿ ಸುತ್ತಿದೆವು. ಪಟಾಕಿ, ಟಾರ್ಚು ಎಲ್ಲ ಕಾವಲಿನ ಅಟ್ಟಣೆಯ ಮೇಲೇ ಇದ್ದವು.

"ಬಾವ, ದೊಡ್ಡೋರು ಬಂದ್ರೆ?" ಎಂದ ಡ್ರೈವರ್. ಆ ಕಡೆಯವರು ಹೊಲದಲ್ಲಿ ನಿಂತು ಆನೆ ಎಂಬ ಹೆಸರೆತ್ತುವುದಿಲ್ಲ.

"ನಿನ್ನೆ ದಿನಾನೇ ಫಾರೆಸ್ಟೋರು ಆ ಕಡೀಕೆ ಅಟ್ಟವ್ರಂತೆ. ಬಂದ್ರೂ ಅವು ಬರೋದು ಊರು ಉಂಡು ಮಲಗಿದ್ ಮ್ಯಾಲೆ. ಅಷ್ಟೊತ್ತಿಗೆ ನಾನು ಅಟ್ಟಣೆ ಮ್ಯಾಲಿರ್ತೀನಿ ಕಣ್ಲಾ" ಎಂದ ಹೊಲದವನು. ಹುಟ್ಟಿದಾಗಿನಿಂದ ಆನೆಯ ಪಕ್ಕದಲ್ಲಿ ಬದುಕಿದವನು ಹೇಳಿದ ಮೇಲೆ ನಾವೇನು ಹೇಳುವುದು. ಅವನಿಗೆ ಅವುಗಳ ಹೊತ್ತು ಗೊತ್ತಿತ್ತು. ಅವಕ್ಕೂ ನಮ್ಮ ಹೊತ್ತು ಗೊತ್ತಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಕೆರೆಯ ಮೀನು ಗುತ್ತಿಗೆ ಹಿಡಿದವನನ್ನು ಕೇಳಿ ಒಂದು ತೆಪ್ಪ ಇಸಿದುಕೊಂಡೆವು. ಬುಟ್ಟಿಯಂಥ ದುಂಡನೆಯ ತೆಪ್ಪ. ಆ ವೀಡಿಯೋದ ದೋಣಿ ನೆಟ್ಟಗೆ ಹೋಗುತ್ತಿತ್ತು, ನಮ್ಮದು ಮೊದಮೊದಲು ನಿಂತಲ್ಲೇ ತಿರುಗಿತು. ಡ್ರೈವರ್ ಹುಟ್ಟು ಹಾಕಿದರೆ ಗಾಳದ ದಾರ ನನ್ನ ಕೊರಳಿಗೇ ಬಂದು ಸುತ್ತಿಕೊಂಡಿತು.

"ಬಸ್ಸೂ ಹಿಂಗೇ ಓಡಿಸ್ತೀಯೇನ್ಲಾ? ನಿನ್ನ ನಂಬ್ಕೊಂಡು ದಿನಾ ಹತ್ತೀವಲ್ಲ, ನಮ್ಗೆ ಬುದ್ಧಿ ಇಲ್ಲ" ಎಂದು ನಾನು ಕೂಗಾಡಿದೆ.

"ಬಸ್ಸಿಗೆ ಸ್ಟೇರಿಂಗ್ ಐತೆ ಮಚ್ಚಾ, ಇದುಕ್ಕೆಲ್ಲೈತೆ?"

ಹೊಲದವನು ನಗುನಗುತ್ತ ಹುಟ್ಟು ಕಿತ್ತುಕೊಂಡ. ಅವನ ಕೈಯಲ್ಲಿ ತೆಪ್ಪ ಮಾತು ಕೇಳಿತು. ನಿಧಾನಕ್ಕೆ, ಒಂದೇ ಹದದಲ್ಲಿ ಹೋದೆವು. ನಾನು ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಹಿಂದಕ್ಕೆ ಬಿಟ್ಟೆ. ಚಮಚ ನೀರೊಳಗೆ ಮಿನುಗುತ್ತ ಬಂತು. ಡ್ರೈವರ್ ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಈಗ ನಾವೂ ಫಾರಿನ್ನೋರೇ ಎಂದ. ಏರಿಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮೀನು ಮಾತ್ರ ಮೂಸಿಯೂ ನೋಡಲಿಲ್ಲ. ಕೆರೆಯನ್ನು ಸುತ್ತಿದ್ದೇ ಸುತ್ತಿದ್ದು. ಹಾಗೆ ನೋಡಿದರೆ ನನ್ನ ಬದುಕಿನ ಒಳ್ಳೆಯ ಹೊತ್ತುಗಳಲ್ಲಿ ಅದೂ ಒಂದು, ಮುಗಿಯುವವರೆಗೆ.

ಮೊದಲು ಕಂಡದ್ದು ಡ್ರೈವರ್‌ಗೆ. ಅವನು ಹೊಲದ ಕಡೆ ಮುಖ ಮಾಡಿ ಕೂತಿದ್ದ. ಬಾಯಿಗೆ ಹೋಗುತ್ತಿದ್ದ ಟೀ ಲೋಟ ಅರ್ಧಕ್ಕೇ ನಿಂತಿತು.

"ಬಾವ" ಎಂದ.

ನಾವಿಬ್ಬರೂ ತಿರುಗಿದೆವು. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಕಾಡಿನ ಅಂಚಿನಿಂದ ಅವು ಇಳಿಯುತ್ತಿದ್ದವು, ದೊಡ್ಡವು ನಾಲ್ಕೈದು, ಕಾಲ ಸಂದಿಯಲ್ಲಿ ಒಂದು ಮರಿ. ಅವಸರವೇ ಇಲ್ಲ. ಎರಡು ಬಂದು ಊರಿನಿಂದ ಹೊಲಕ್ಕೆ ಬರುವ ಕೆರೆಯಂಚಿನ ದಾರಿಯಲ್ಲಿ ನಿಂತು ನೀರು ಕುಡಿದವು. ಮಿಕ್ಕವು ನೆಟ್ಟಗೆ ರಾಗಿಗೆ ಹೋದವು. ಡಬ್ಬದ ಹಗ್ಗ ಇರಬೇಕಾದ ಜಾಗವನ್ನು ದಾಟಿದಾಗ ಒಂದು ಸದ್ದೂ ಆಗಲಿಲ್ಲ.

"ಹೋಯ್!" ಎಂದು ಡ್ರೈವರ್ ಕಿರುಚಿಬಿಟ್ಟ. ದಾರಿಯಲ್ಲಿ ನಿಂತ ದೊಡ್ಡ ಹೆಣ್ಣಾನೆ ಕಿವಿ ಅಗಲಿಸಿ ನಮ್ಮ ಕಡೆ ತಿರುಗಿ, ನೀರಿಗೆ ಮುಂಗಾಲು ಇಟ್ಟು ನಿಂತಿತು. ಹೊಲದವನು ಬಾಮೈದನ ಬಾಯಿ ಮುಚ್ಚಿದ. ಆನೆ ಈಜುತ್ತದೆ ಎನ್ನುವುದು ನನಗೆ ಗೊತ್ತಿತ್ತು. ತೆಪ್ಪವನ್ನು ಒಂದು ಸೊಂಡಿಲಲ್ಲಿ ಬೋರಲು ಹಾಕಬಲ್ಲದು ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡ್ರೈವರ್ ಪಿಸುದನಿಯಲ್ಲಿ ಅರಣ್ಯದ ಕಾವಲಿನವರಿಗೆ ಫೋನ್ ಮಾಡಿದ. ತಮಿಳಿನಲ್ಲಿ ಬೇಡಿಕೊಂಡ. ಅವರು ಇನ್ನೊಂದು ಹಿಂಡಿನ ಬೆನ್ನು ಹತ್ತಿ ಬೆಟ್ಟದ ಆಚೆ ಇದ್ದರು. ಬರುತ್ತೇವೆ, ಮರಿ ಇದೆ ಅಂತೀರಿ, ನಾವು ಬರುವವರೆಗೂ ಒಬ್ಬರೂ ಹತ್ತಿರ ಹೋಗಬೇಡಿ ಎಂದರು. ಬೇರೇನು ಹೇಳಿಯಾರು ಅವರಾದರೂ.

"ಊರೋರ್ನ ಕರೀಲಾ ಬಾವ? ಹುಡುಗ್ರು ಪಟಾಕಿ ತಗೊಂಡು ಬತ್ತಾರೆ."

ಹೊಲದವನು ತಲೆ ಅಲ್ಲಾಡಿಸಿದ. ಊರಿನಿಂದ ಬರುವವರಿಗೆ ಇದ್ದದ್ದು ಆ ಒಂದೇ ದಾರಿ, ಅದರಲ್ಲೇ ಎರಡು ನಿಂತಿದ್ದವು. ಹಿಂದಿನ ವರ್ಷ ಅದೇ ದಾರಿಯಲ್ಲಿ ಪಟಾಕಿ ಹಿಡಿದು ಓಡಿಸಲು ಬಂದ ಊರಿನವನೊಬ್ಬ ಮರಿಯಾನೆಯ ತಾಯಿಗೆ ಸಿಕ್ಕಿ ಸತ್ತಿದ್ದ. ಹೆಣ ಎತ್ತಿದವರಲ್ಲಿ ಹೊಲದವನೂ ಇದ್ದ.

"ಬ್ಯಾಡ. ರಾಗಿ ಹೋದ್ರೆ ರಾಗಿ" ಎಂದ.

ಸರಿ, ಹಾಗಾದರೆ ಏರಿಯ ಕಡೆ ತೆಪ್ಪ ತಿರುಗಿಸು, ಮನೆಗೆ ಹೋಗೋಣ ಎಂದೆ. ಅವನು ಹುಟ್ಟನ್ನು ಹಾಗೇ ಹಿಡಿದುಕೊಂಡು ಕೂತಿದ್ದ. ತೆಪ್ಪವನ್ನು ಗಾಳಿ ಹೊಲದ ಕಡೆ ತಳ್ಳಿದಾಗ ಒಂದು ಸಲ ಸದ್ದಿಲ್ಲದೆ ಹುಟ್ಟು ಹಾಕಿ ಹಿಂದಕ್ಕೆ ತರುತ್ತಿದ್ದ, ಮತ್ತೆ ನಿಲ್ಲಿಸುತ್ತಿದ್ದ. ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ.

"ಇರ್ಲಾ. ವಸಿ ನೋಡ್ತೀನಿ" ಎಂದ.

ನೀರಿನ ಮೇಲೆ ಸದ್ದು ಎಷ್ಟು ಚೆನ್ನಾಗಿ ಕೇಳುತ್ತದೆ! ಸೊಂಡಿಲು ಸುತ್ತಿ ಬುಡ ಸಮೇತ ಕೀಳುವ ಸದ್ದು. ಕಿತ್ತದ್ದನ್ನು ಮುಂಗಾಲಿಗೆ ಪಟಪಟ ಬಡಿದು ಮಣ್ಣು ಉದುರಿಸುವ ಸದ್ದು. ಆಮೇಲೆ ಅಗಿಯುವುದು. ಮರಿ ಮಾತ್ರ ತಿನ್ನಲಿಲ್ಲ, ಆ ಕಡೆಯಿಂದ ಈ ಕಡೆಗೆ ಆಟವಾಡಿಕೊಂಡು ಓಡಿತು, ಓಡಿದಲ್ಲೆಲ್ಲ ಪೈರು ಮಲಗಿತು. ನನಗೆ ಸಿಟ್ಟು ಬಂದರೆ ಬಾಯಿ ನಿಲ್ಲುವುದಿಲ್ಲ. ಅಂದು ಬೈಯಲು ಯಾರೂ ಇರಲಿಲ್ಲ. ಆನೆಯನ್ನು ಬೈಯುವುದೇ? ಅವುಗಳ ಕಾಡಿನ ಬಾಗಿಲಲ್ಲಿ ಊಟ ಬಡಿಸಿಟ್ಟು ಮೀನಿಗೆ ಹೋದವರು ನಾವು.

ಆಗ ನನಗೆ ಮೊರ ನೆನಪಾಯಿತು.

"ಲೇ, ಮನೇಲಿ ಹಳೇ ರಾಗಿ ಐತಲ್ಲ! ಮಿಲ್ಲು ತೆಗ್ದಿಲ್ಲ ಅಂತಿದ್ಲಲ್ಲ ನಿನ್ ಹೆಂಡ್ತಿ. ಅದೂ ಅಮ್ಮನ ಬೀಜಾನೇ ಅಲ್ವಾ? ಒಂದು ಬೊಗ್ಸೆ ಸಾಕಲ್ಲ ಬಿತ್ತಕ್ಕೆ!"

ಅವನು ಗಕ್ಕನೆ ನನ್ನ ಕಡೆ ತಿರುಗಿದ. ಅವನ ಮುಖ ಬೆಳಗಿದ್ದನ್ನು ಆ ಮಬ್ಬಿನಲ್ಲೂ ಕಂಡೆ. ಹೌದು ಕಣ್ಲಾ, ಹೌದು ಎಂದು ಜೇಬಿನಿಂದ ಫೋನ್ ತೆಗೆದ. ಅದೇ ಹೊತ್ತಿಗೆ ನನ್ನ ಅಂಗೈಗೆ ಸುತ್ತಿದ್ದ ದಾರ ಚರ್ಮ ಕತ್ತರಿಸುವ ಹಾಗೆ ಬಿಗಿಯಿತು.

ಮೀನು. ನಮ್ಮ ಸಾಲ್ಮನ್ನು. ಇಡೀ ಸಂಜೆ ತಿರುಗಿದಾಗ ಬಾರದ್ದು, ತೆಪ್ಪ ಗಾಳಿಗೆ ಸುಮ್ಮನೆ ತೇಲುತ್ತಿರುವಾಗ ಬಂದು ಚಮಚ ಕಚ್ಚಿತ್ತು. ಕೂಗುವ ಹಾಗಿಲ್ಲ, ಬಿಡುವ ಹಾಗಿಲ್ಲ, ದಾರ ಕೈಗೇ ಸುತ್ತಿಕೊಂಡಿದೆ. ಹಲ್ಲು ಕಚ್ಚಿ ಎಳೆದೆ. ಡ್ರೈವರ್ ಬಗ್ಗಿ ಎರಡೂ ಕೈಯಿಂದ ಹಿಡಿದು ಒಳಗೆ ಹಾಕಿದ. ಮೊಳಕ್ಕಿಂತ ಉದ್ದದ ಕೊರಮೀನು. ತೆಪ್ಪದ ತಳಕ್ಕೆ ದಪದಪ ಬಡಿಯುತ್ತಿತ್ತು. ಅದರ ಸದ್ದು ದಡಕ್ಕೆ ಕೇಳದಿರಲೆಂದು ಡ್ರೈವರ್ ತನ್ನ ಶರ್ಟು ಬಿಚ್ಚಿ ಅದರ ಮೇಲೆ ಹಾಕಿ, ಶರ್ಟಿನ ಮೇಲೆ ತಾನೇ ಮಲಗಿದ. ಬೇರೆ ದಿನವಾಗಿದ್ದರೆ ನಾವು ಇದನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದೆವು.

ಹೊಲದವನು ಡಯಲ್ ಮಾಡುವ ಮೊದಲೇ ಅವನ ಫೋನು ಬಡಿದುಕೊಂಡಿತು. ತಕ್ಷಣ ಎತ್ತಿದ. ಹೆಂಡತಿ. ಆಕೆಯ ದನಿ ದೊಡ್ಡದು, ನಮಗೂ ಕೇಳುತ್ತಿತ್ತು.

"ಏನು, ಸಿಕ್ತಾ ಮೀನು?"

ಅವನು ಡ್ರೈವರ್‌ನ ಹೊಟ್ಟೆಯ ಕೆಳಗೆ ಒದ್ದಾಡುತ್ತಿದ್ದ ಶರ್ಟನ್ನು ನೋಡಿದ. "ಸಿಕ್ತು ಕಣೇ. ದೊಡ್ಡದು."

"ಸದ್ಯ! ನಾನೂ ಎಲ್ಲಾ ಮುಗಿಸ್ಬುಟ್ಟೆ. ಕರೆಂಟು ಬಂತು, ಓಡೋಗಿ ಬೀಸ್ಸ್ಕೊಂಡು ಬಂದೆ. ಡ್ರಮ್ಮು ತೊಳ್ದು ಬೋರ್ಲು ಹಾಕಿವ್ನಿ. ಒಂದು ಕಾಳು ಬುಟ್ಟಿಲ್ಲ, ಅತ್ತೆ ಇದ್ದಿದ್ರೂ ತಪ್ಪು ಹಿಡೀತಿರ್ಲಿಲ್ಲ."

ಆಚೆ ದಡದಲ್ಲಿ ಪಟಪಟ ಎಂದು ಬಡಿಯುತ್ತಲೇ ಇತ್ತು.

"ಕೇಳ್ತೈತಾ?"

"ಕೇಳ್ತೈತೆ. ಒಳ್ಳೇದಾಯ್ತು."

"ಸರಿ, ಎಣ್ಣೆ ಬತ್ತಿ ತಗೊಂಡು ಹೊರ್ಟಿದೀನಿ. ದೀಪ ಇಟ್ಟು, ನಿಮ್ಮ ಜೊತೇಗೇ ವಾಪಸ್ ಬತ್ತೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆನೆ ಬಂದಿದೆ ಎಂದರೆ ಆಕೆ ನಿಲ್ಲುವವಳಲ್ಲ. ಆ ಹೊಲದ ಕಳೆಯನ್ನೆಲ್ಲ ಕಿತ್ತವಳು ಆಕೆ. ತಟ್ಟೆ ಬಡಿದುಕೊಂಡು ಓಡಿ ಬರುತ್ತಾಳೆ, ಅವಳ ಹಿಂದೆ ಅರ್ಧ ಊರು ಬರುತ್ತದೆ. ಇದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

"ಬರ್ಬ್ಯಾಡ. ದೀಪ ನಾನೇ ಇಟ್ಟೆ" ಎಂದ.

"ನೀವಾ? ಎಣ್ಣೆ ಎಲ್ಲಿತ್ತು?"

"ಅಟ್ಟಣೇಲಿತ್ತು."

"ಉರೀತಾ ಐತಾ? ಗಾಳಿಗೆ ಆರಿಲ್ಲ ತಾನೆ?"

ಅವನು ಹೊಲದ ಕಡೆಗೇ ನೋಡುತ್ತಿದ್ದ. ಅಲ್ಲಿ ಬೆಳಕೆಂದರೆ ಆಕಾಶದ ಅಂಚಿನಲ್ಲಿ ಉಳಿದಿದ್ದ ಒಂದಿಷ್ಟು ಕೆಂಪು. "ಉರೀತಾ ಐತೆ. ಮಸಾಲೆ ರುಬ್ಬಿಡು. ನಾವು ಏರಿ ಕಡೆಯಿಂದ ಬತ್ತಾ ಇದೀವಿ. ಬಾಗ್ಲು ದಾಟ್ಬ್ಯಾಡ" ಎಂದು ಫೋನಿಟ್ಟ.

ಆಮೇಲೆ ಅವನು ಎರಡೂ ಮಂಡಿಯ ನಡುವೆ ತಲೆ ಇಟ್ಟುಕೊಂಡ. ಅಳುವಿಗೆ ಭುಜ ಕುಣಿಯುತ್ತಿತ್ತು, ಸದ್ದು ಬರಲಿಲ್ಲ. ನಾನು ಅವನ ಬೆನ್ನ ಮೇಲೆ ಕೈ ಇಡಲು ಹೋದೆ. ನನ್ನ ಕೈ ರಕ್ತವಾಗಿತ್ತು, ದಾರ ಇನ್ನೂ ನೇತಾಡುತ್ತಿತ್ತು. ಮೀನಿನ ಬಾಯಿಂದ ಕೊಕ್ಕೆ ಬಿಡಿಸಿ, ದಾರ ಚಮಚ ಎಲ್ಲವನ್ನೂ ಹಾಗೇ ನೀರಿಗೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳಿದರೆ ಗೊತ್ತಿಲ್ಲ. ಕೈಗೆ ಏನಾದರೂ ಒಂದು ಕೆಲಸ ಬೇಕಾಗಿತ್ತು.

ಏನೂ ಕಾಣದಷ್ಟು ಕತ್ತಲಾದ ಮೇಲೆ ಅವನೇ ಹುಟ್ಟು ಹಾಕಿ ಏರಿಯ ಕಡೆಗೆ ತಂದ. ಮನೆಯ ದಾರಿಯಲ್ಲಿ ಡ್ರೈವರ್, "ಅಕ್ಕಂಗೆ ಹೆಂಗೆ ಹೇಳೋದು ಬಾವ?" ಎಂದು ಕೇಳಿದ.

"ಉಂಡಾದ್ ಮ್ಯಾಲೆ ಹೇಳಾನ. ಮೊದ್ಲು ಉಣ್ಲಿ" ಎಂದ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಮಾರನೆಯ ದಿನವೂ ಆ ಹಿಂಡು ಅಲ್ಲೇ ಬೀಡು ಬಿಟ್ಟಿತ್ತು. ಅರಣ್ಯದವರು ಯಾರನ್ನೂ ಒಳಗೆ ಬಿಡಲಿಲ್ಲ, ಅದು ಸರಿಯೇ. ಹಿಂಡು ಕದಲುವ ಹೊತ್ತಿಗೆ ಮಳೆ ಹಿಡಿಯಿತು. ಹೊಲಕ್ಕೆ ಇಳಿದಾಗ ಹೆಜ್ಜೆಯ ಗುಂಡಿಗಳಲ್ಲಿ ನೀರು ನಿಂತಿತ್ತು. ಗಂಡ ಹೆಂಡತಿ ಕೆಸರು ಕೆದಕಿ ತುಳಿತಕ್ಕೆ ಸಿಕ್ಕ ತೆನೆಗಳನ್ನು ಆರಿಸಿದರು. ಕಾಳೆಲ್ಲ ನೆನೆದು, ಅಲ್ಲೇ ಮೊಳೆತು, ಬಿಳಿ ಬಾಲ ಬಿಟ್ಟಿತ್ತು. ಮೊಳೆಯದ ನಾಲ್ಕು ಕಾಳನ್ನು ಒಣಗಿಸಿ ಮುಂದಿನ ಮಳೆಗಾಲಕ್ಕೆ ಬಿತ್ತಿದ. ಒಂದೂ ಹುಟ್ಟಲಿಲ್ಲ. ಈಗ ಆ ಹೊಲದಲ್ಲಿ ಚೆಂಡು ಹೂವು ಹಾಕುತ್ತಾನೆ. ಕಾರ್ಖಾನೆಯಲ್ಲಿ ಅವನನ್ನು ಇನ್ನೂ ಹೊಲದವನು ಎಂದೇ ಕರೆಯುತ್ತೇವೆ, ಆದರೆ ಹೊಲದ ಮಾತು ತೆಗೆಯುವುದು ಕಡಿಮೆಯಾಗಿದೆ.

ಅಂದಿನ ಊಟಕ್ಕೆ ಬರುತ್ತೇನೆ. ಆಕೆ ಮೀನು ನೋಡಿ ಹಿಗ್ಗಿದಳು. "ಅಬ್ಬಬ್ಬಾ, ಇದೇನು ಮೀನಾ ಮೊಸಳೇನಾ!" ಎಂದು ತಮ್ಮನ ತಲೆಗೆ ಮೊಟಕಿದಳು. ನನ್ನ ಕೈ ನೋಡಿ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ನಾವು ಮೂವರೂ ಬಾಯಿ ಬಿಡದೆ ಇದ್ದುದನ್ನು ಹಸಿವೆಂದುಕೊಂಡಳು. ಅಂಗಳದ ಮೂಲೆಯಲ್ಲಿ ತೊಳೆದ ಡ್ರಮ್ಮು ಬೋರಲು ಬಿದ್ದಿತ್ತು. ಸಾರು ಕುದಿದು ಮನೆಯೆಲ್ಲ ಘಮಘಮ ಎಂದಿತು. ಮುದ್ದೆ ತೊಳಸಿ, ಕಟ್ಟಿ, ಬಿಸಿಬಿಸಿಯಾಗಿ ತಟ್ಟೆಗೆ ಇಟ್ಟಳು. ಆ ರಾಗಿಯ ಬಣ್ಣ, ಆ ವಾಸನೆ. ನಾನು ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದೆ. ಬಿಸಿಯಾಗಿ ಇಳಿದುಹೋಯಿತು, ಮುದ್ದೆ ಯಾವಾಗಲೂ ಹೋಗುವ ಹಾಗೆ.

ಹೊಲದವನು ಸಾರು ಮುಟ್ಟಲಿಲ್ಲ. ಬರೀ ಮುದ್ದೆಯ ಒಂದು ಚೂರನ್ನು ಬಾಯಿಗೆ ಇಟ್ಟುಕೊಂಡು, ಮುಖ ಕೆಳಗೆ ಹಾಕಿ, ನಿಧಾನಕ್ಕೆ ಅಗಿಯುತ್ತಿದ್ದ.

ಆಕೆಗೆ ಅದು ಕಂಡಿತು. ನನಗೆ ಬಡಿಸಲು ಇನ್ನೊಂದು ಮುದ್ದೆ ಕೈಯಲ್ಲಿ ಹಿಡಿದೇ ನಕ್ಕಳು. "ಇದೇನ್ರೀ ನೀವು, ಮುದ್ದೆ ಅಗೀತಾ ಇದೀರಾ? ನಿಮ್ಮ ಸಾಹೇಬನ ಗಾಳಿ ಬಡೀತಾ? ಕಲ್ಲೇನಾದ್ರೂ ಸಿಕ್ತಾ?"

"ಇಲ್ಲ ಕಣೇ. ಚೆನ್ನಾಗೈತೆ" ಎಂದ ಅವನು. ಅಗಿಯುವುದನ್ನು ನಿಲ್ಲಿಸಲಿಲ್ಲ.

ಆಕೆ ಅವನ ಮುಖ ನೋಡಿದಳು. ತಮ್ಮನ ಮುಖ ನೋಡಿದಳು, ಅವನು ತಟ್ಟೆಯ ಕಡೆ ತಲೆ ತಗ್ಗಿಸಿದ. ನನ್ನನ್ನೂ ನೋಡಿದಳು. ಆಗ ದೂರದಲ್ಲಿ, ಕೆರೆಯ ಆಚೆ, ಒಂದು ಸಲ ಘೀಳಿಟ್ಟ ಸದ್ದು ಬಂತು. ಯಾರೂ ಏನೂ ಹೇಳಬೇಕಾಗಲಿಲ್ಲ. ಕೈಯಲ್ಲಿದ್ದ ಮುದ್ದೆಯನ್ನು ಅವಳು ನನಗೆ ಬಡಿಸಲಿಲ್ಲ, ಮತ್ತೆ ಪಾತ್ರೆಗೇ ಇಟ್ಟು ಮುಚ್ಚಳ ಮುಚ್ಚಿದಳು. ಬಂದು ಗಂಡನ ಪಕ್ಕ ನೆಲದ ಮೇಲೆ ಕೂತು, ಅವನ ತಟ್ಟೆಯಿಂದಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳೂ ನುಂಗಲಿಲ್ಲ. ಇಬ್ಬರೂ ಅಗಿಯುತ್ತ ಕೂತರು.